ಹುಚ್ಚವ್ವನ ಕೈ ಮುಟ್ಟಿದ್ದು ಖರೆ

“ನಿಮ್ಮ ಸಹಿನ ಸಿಕ್ತೇನ್ರಿ ಅವರಿಗೆ?”

ಬಾಗಲಕೋಟೆಯ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಶಾರವ್ವನ ದನಿ ಸಿಡಿಯಿತು. ಬೆಂಚಿನ ಮೇಲಿದ್ದ ಕಂಪೌಂಡರ್ ಚಂದಪ್ಪ ದಡಬಡಿಸಿ ಎದ್ದು ನಿಂತ.

“ನರಸಬಾಯಾರ, ನಂದೊಂದು ಮಾತು ಕೇಳ್ರಿ...”

“ಒಳಗ ಹೇಳ್ರಿ ನಿಮ್ಮ ಮಾತು! ಕೇಳಾಕಂತ ಬೆಂಗಳೂರಿಂದ ಮೂರು ಮಂದಿ ಬಂದು ಕುಂತಾರ.”

ಎರಡು ವರ್ಷ! ಔಷಧಿ ಕೋಣೆಯ ಕಿಟಕಿಯಿಂದ ಮಾತ್ರೆ ಪೊಟ್ಟಣ ಕೊಡುವಾಗ ಅವಳ ಬೆರಳಿಗೆ ತನ್ನ ಬೆರಳು ತಾಗಬಾರದೆಂದು ಎಷ್ಟು ಎಚ್ಚರದಿಂದಿರುತ್ತಿದ್ದ ಈ ಮನುಷ್ಯ! ಆ ಎಚ್ಚರಕ್ಕೇ ಅವಳು ಮನಸೋತಿದ್ದಳು. ಈಗ ಅದೇ ಬೆರಳು ತನ್ನ ವಿರುದ್ಧ ಸಹಿ ಹಾಕಿದೆ...

ಕಣ್ಣೀರು ಬರಲಿಲ್ಲ. ಸಿಟ್ಟು ಬಂತು. ಸಿಟ್ಟೇ ಇರಲಿ, ಇವತ್ತು ಅದೇ ಬೇಕು ಎಂದುಕೊಂಡಳು.

ಅದು ೧೯೮೨ರ ಬೇಸಿಗೆ. ಶಾರವ್ವ ಇಳಕಲ್ಲಿನ ನೇಕಾರನ ಮಗಳು. ಓಣಿಗೇ ಮೊದಲ ನರ್ಸ್. ಕುಳಗೇರಿ ಕ್ರಾಸಿನ ಆಚೆಗಿದ್ದ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಅವಳ ಕೆಲಸ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಲಗಮವ್ವ ಎಂಬ ಚೊಚ್ಚಲ ಬಸುರಿಯನ್ನು ಚಕ್ಕಡಿಯಲ್ಲಿ ಕರೆತಂದರು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಡಾಕ್ಟರ್ ಇರಲಿಲ್ಲ. ಬರುವ ಸುದ್ದಿಯೂ ಇರಲಿಲ್ಲ.

ಶಾರವ್ವ ಊರ ಹೊರಗಿನ ಕೇರಿಯಿಂದ ಹುಚ್ಚವ್ವನನ್ನು ಕರೆಸಿದಳು. ನಲವತ್ತು ವರ್ಷ ಆ ಸೀಮೆಯ ಹೆರಿಗೆಗಳನ್ನು ಮಾಡಿಸಿದ್ದ ಸೂಲಗಿತ್ತಿ. ಅವಳ ಉಗುರು ಕತ್ತರಿಸಿ, ಕಾರ್ಬಾಲಿಕ್ ಸೋಪಿನಿಂದ ಮೊಣಕೈವರೆಗೆ ಮೂರು ಸಲ ತಿಕ್ಕಿಸಿದಳು. ಹುಚ್ಚವ್ವ ಲಗಮವ್ವನ ಹೊಟ್ಟೆಗೆ ಔಡಲೆಣ್ಣೆ ಸವರಿ, ನೋವು ಬಿಟ್ಟಾಗ ಒತ್ತುತ್ತ, ನೋವು ಬಂದಾಗ ಸುಮ್ಮನಿರುತ್ತ, ಕೂಸನ್ನು ಮೆಲ್ಲಗೆ ತಿರುಗಿಸಿದಳು. ಮಧ್ಯಾಹ್ನ ತಿರುಗುವ ಹೊತ್ತಿಗೆ ಕೂಸು ಅತ್ತಿತು. ತಾಯಿ ನಕ್ಕಳು.

ಸಂಜೆ ಬಂದ ಡಾಕ್ಟರಿಗೆ ಕಂಡದ್ದು ಒಂದೇ: ಹೆರಿಗೆ ಕೋಣೆಯೊಳಗೆ ಕೇರಿಯ ಹೆಂಗಸು!

ನರ್ಸಿಂಗ್ ಕೌನ್ಸಿಲ್‌ಗೆ ದೂರು ಹೋಯಿತು. ಶಾರವ್ವನನ್ನು ಮನೆಗೆ ಕಳಿಸಿದರು. ನೋಂದಣಿ ರದ್ದಾದರೆ ಅವಳು ಇನ್ನು ಯಾವ ಊರಲ್ಲೂ ನರ್ಸ್ ಅಲ್ಲ. ವಿಚಾರಣೆಯ ನೋಟೀಸಿನ ಜೊತೆ ಬಂದ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಚಂದಪ್ಪನದು. ಆಮೇಲೆ ಅವನಿಂದ ಬಂದ ಎರಡು ಕಾಗದಗಳನ್ನು ಅವಳು ಒಡೆಯದೆಯೇ ಒಲೆಗೆ ಹಾಕಿದ್ದಳು.

ಒಳಗೆ ಮೇಜಿನ ಹಿಂದೆ ಕೌನ್ಸಿಲ್ಲಿನ ಮೂವರು. ನಡುವೆ ಕೂತ ಅಧ್ಯಕ್ಷೆ ಹಿರಿಯ ಹೆಂಗಸು. ತಾವೂ ಒಂದು ಕಾಲದ ನರ್ಸ್. ಮೇಜಿನ ಈಚೆ ಬೇರೆ ಕುರ್ಚಿಯಲ್ಲಿ, ಸಫಾರಿ ತೊಟ್ಟು ಕೂತಿದ್ದರು ದೂರು ಕೊಟ್ಟ ಡಾಕ್ಟರ್.

“ನೋಡಮ್ಮ,” ಅಧ್ಯಕ್ಷೆ ದನಿ ತಗ್ಗಿಸಿದರು. “ಆ ಹೆಂಗಸು ಬಟ್ಟೆ ಒಗೆಯೋಕೆ ಬಂದಿದ್ದಳು, ರೋಗಿಯನ್ನ ಮುಟ್ಟಲಿಲ್ಲ ಅಂತ ಹೇಳಿಬಿಡು. ಇವತ್ತೇ ಮುಗಿಸೋಣ. ಡಾಕ್ಟರೂ ಒಪ್ಪಿದ್ದಾರೆ.”

ಡಾಕ್ಟರ್ ತಲೆಯಾಡಿಸಿದರು. ಅಂದು ತಾವು ಎಲ್ಲಿದ್ದೆವು ಎಂಬ ಪ್ರಶ್ನೆ ಬರದಿದ್ದರೆ ಅವರಿಗೂ ಸಾಕಿತ್ತು.

ಒಂದು ಸುಳ್ಳು... ಒಂದೇ ಒಂದು! ಬಿಳಿ ಸೀರೆ ಉಳಿಯುತ್ತದೆ. ಅಪ್ಪ ಓಣಿಯಲ್ಲಿ ತಲೆಯೆತ್ತಿ ನಡೆಯುತ್ತಾನೆ. ಆದರೆ ಹುಚ್ಚವ್ವ? ಎರಡು ಜೀವ ಉಳಿಸಿದ ಕೈ ಬಟ್ಟೆ ಒಗೆಯಲು ಬಂದದ್ದು ಎಂದು ಸರಕಾರಿ ಕಾಗದದಲ್ಲಿ ಉಳಿಯಬೇಕೇ?

“ಹುಚ್ಚವ್ವನ ಕೈ ಮುಟ್ಟಿದ್ದು ಖರೆ ರೀ,” ಎಂದಳು ಶಾರವ್ವ. “ನಾನ ಕರಿಸೇನಿ. ಮತ್ತ ಅಂಥಾ ಹೊತ್ತು ಬಂದ್ರ ಮತ್ತ ಕರಸ್ತೇನಿ.”

“ಸೊಕ್ಕು ನೋಡ್ರಿ!” ಡಾಕ್ಟರ್ ಗುಡುಗಿದರು. “ಆಕಿ ಹೊಲಸು ಕೈ—”

“ಯಾರ ಕೈ ರೀ ಸಾಹೇಬ್ರ?”

ಬಾಗಿಲಲ್ಲಿ ಹುಚ್ಚವ್ವ ನಿಂತಿದ್ದಳು. ಕರೆಯುವವರೆಗೆ ಹೊರಗಿರು ಎಂದಿದ್ದರೂ ಒಳಗೆ ಬಂದೇಬಿಟ್ಟಿದ್ದಳು. “ಈ ನರಸಬಾಯಿ ನನ್ನ ಕೈ ತಿಕ್ಕಿ ತಿಕ್ಕಿ ತೊಗಲ ಸುಲದಾಳ. ನಿಮ್ಮ ಕೈ ಅವತ್ತ ಅಲ್ಲಿ ಇರಲೇ ಇಲ್ಲ. ಅದು ಸ್ವಚ್ಛ ಇತ್ತೋ ಹೊಲಸಿತ್ತೋ, ನಾ ಹೆಂಗ ಹೇಳ್ಲಿ?”

ಸದಸ್ಯರೊಬ್ಬರು ನಗೆ ತಡೆಯಲಾರದೆ ಕೆಮ್ಮಿದರು.

“ಚಂದಪ್ಪ ಬರಲಿ,” ಎಂದರು ಅಧ್ಯಕ್ಷೆ.

ಶಾರವ್ವ ಮುಖ ತಿರುಗಿಸಿದಳು. ಅವನ ದನಿ ಮಾತ್ರ ಕಿವಿಗೆ ಬಿತ್ತು.

“ಹುಚ್ಚವ್ವ ಮುಟ್ಟಿದ್ಳಂತ ಬರದು ಸಹಿ ಮಾಡೇನ್ರಿ. ಖರೆ ಐತಿ. ಆದ್ರ ನನ್ನ ಹೇಳಿಕೆ ಅಲ್ಲಿಗೆ ಮುಗಿಯಂಗಿಲ್ಲ. ಎರಡನೇ ಹಾಳಿ ಓದ್ರಿ.”

ಅಧ್ಯಕ್ಷೆ ಹಾಳೆ ತಿರುವಿದರು.

“ಅವತ್ತ ಮುಂಜಾನೆ ಲಾರಿ ಹತ್ತಿ ಬಾದಾಮಿಗೆ ಹೋದೆ. ಸಾಹೇಬ್ರು ತಮ್ಮ ಸ್ವಂತ ದವಾಖಾನ್ಯಾಗ ಇದ್ರು. ‘ಸಂಜಿಗೆ ಬರ್ತೇನಿ, ಅಲ್ಲೀತನಕ ತಡೀಲಿ’ ಅಂದ್ರು. ಹೆರಿಗಿ ತಡಿತೈತೇನ್ರಿ? ನಾ ತಿರುಗಿ ಬರೂದ್ರಾಗ ಹುಚ್ಚವ್ವ ಕೂಸು ತಿರುಗಸಾಕತ್ತಿದ್ಳು. ಆ ನರಸಬಾಯಿ ಆ ಕೆಲಸ ಮಾಡದಿದ್ರ ನಾವು ಅವತ್ತ ಎರಡು ಹೆಣ ಎತ್ತತಿದ್ವಿ. ಈ ಎರಡನೇ ಹಾಳಿ ಹರಿದು ಹಾಕು ಅಂದ್ರು ಸಾಹೇಬ್ರು. ನಾ ಹರೀಲಿಲ್ಲ. ಕೆಲಸದಿಂದ ತಗದ್ರು.”

ಶಾರವ್ವ ತಿರುಗಿ ನೋಡಿದಳು. ಅಯ್ಯೋ... ಒಲೆಗೆ ಹಾಕಿದ ಆ ಕಾಗದಗಳು!

ಡಾಕ್ಟರ್ ಕರವಸ್ತ್ರ ಹುಡುಕುತ್ತಿದ್ದರು.

ಮೂವರೂ ಒಳಕೋಣೆಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದರು. ನೋಂದಣಿ ರದ್ದಾಗುವುದಿಲ್ಲ, ಡಾಕ್ಟರ್ ಮೇಲೆ ಬೇರೆ ವಿಚಾರಣೆಗೆ ಬರೆಯುತ್ತೇವೆ, ಶಾರವ್ವನಿಗೆ ಎಚ್ಚರಿಕೆ ಪತ್ರ ಎಂದರು ಅಧ್ಯಕ್ಷೆ.

ಸಹಿಗೆಂದು ಮುಂದಿಟ್ಟ ಪತ್ರವನ್ನು ಅವಳು ಓದಿದಳು. ‘ತರಬೇತಿಯಿಲ್ಲದ ಹೆಂಗಸಿನ ಅಶುಚಿ ಕೈಗೆ ರೋಗಿಯನ್ನು ಒಪ್ಪಿಸಿದ್ದಕ್ಕಾಗಿ...’

ಪೆನ್ನು ಕೆಳಗಿಟ್ಟಳು.

“ತರಬೇತಿ ಇಲ್ಲ ಅಂತ ಬರೀರಿ, ಒಪ್ತೇನಿ. ಅಶುಚಿ ಅನ್ನೂದು ಹೊಡದು ಹಾಕ್ರಿ. ಅದು ಕೈಯಿನ ಮಾತಲ್ಲ, ಜಾತಿ ಮಾತು.”

“ಸಹಿ ಮಾಡಿದರೆ ನಾಳೆಯೇ ಕೆಲಸಕ್ಕೆ ಹೋಗಬಹುದು. ಇಲ್ಲದಿದ್ದರೆ ಅಮಾನತು ಬೀಳುತ್ತೆ. ಯೋಚನೆ ಮಾಡು.”

“ಮಾಡೇನ್ರಿ. ಅಮಾನತ ಮಾಡ್ರಿ. ಆ ಶಬ್ದ ಇದ್ದ ಕಾಗದಕ್ಕ ನಾ ಸಹಿ ಹಾಕಂಗಿಲ್ಲ!”

ಅಧ್ಯಕ್ಷೆ ಪತ್ರವನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ತಮ್ಮ ಪೆನ್ನಿನಿಂದಲೇ ಆ ಶಬ್ದವನ್ನು ಗೀಚಿ ಹಾಕಿದರು. “ಇದು ಹೋಯಿತು. ಆದರೆ ಮೂವರೂ ಸೇರಿ ಬರೆದ ಪತ್ರ ತಿದ್ದಿಸಿದ ಮೇಲೆ ಬರೀ ಎಚ್ಚರಿಕೆಗೆ ಇವರು ಒಪ್ಪಲ್ಲ; ನಿಯಮ ಮೀರಿದ್ದಕ್ಕೆ ಮೂರು ತಿಂಗಳು ಅಮಾನತು. ಅದನ್ನ ನಾನು ಬಿಡೋಕಾಗಲ್ಲ.”

ಶಾರವ್ವ ಸಹಿ ಮಾಡಿದಳು.

ಹೊರಗೆ ಬಿಸಿಲು ಸುಡುತ್ತಿತ್ತು. ಹುಚ್ಚವ್ವ, ಹೊರಬಂದ ಶಾರವ್ವ ಮತ್ತು ಚಂದಪ್ಪ ಇಬ್ಬರ ಮುಖವನ್ನೂ ನೋಡಿದಳು. “ಒಬ್ಬಾಕಿಗೆ ಮೂರು ತಿಂಗಳ ಕೆಲಸಿಲ್ಲ, ಒಬ್ಬಾತಗ ಕೆಲಸ ಇಲ್ಲ ಅಂದ್ರ ಇಲ್ಲ. ಛಲೋ ಜೋಡಿ ಬಿಡವ್ವಾ!” ಎನ್ನುತ್ತ ಸೆರಗು ಕೊಡವಿ ಬಸ್‌ಸ್ಟ್ಯಾಂಡಿನತ್ತ ಮುಂದೆ ನಡೆದುಬಿಟ್ಟಳು.

“ನಿಮ್ಮ ಕಾಗದ ಓದಲಿಲ್ಲ ನಾ... ಸುಟ್ಟೆ,” ಎಂದಳು ಶಾರವ್ವ. ಈಗ, ಈ ಹೊತ್ತಿಗೆ, ಕಣ್ಣು ತುಂಬಿತು. “ತಪ್ಪಾತು ನಂದು.”

“ಸಿಟ್ಟು ಬಂತಲ್ಲಾ, ಅದ ಛಲೋ ಆತು. ಸುಮ್ಮ ಇದ್ದಿದ್ರ, ನಿಮಗ ನಾ ಯಾರೂ ಅಲ್ಲ ಅನ್ಕೋತಿದ್ದೆ,” ಎಂದ ಚಂದಪ್ಪ.

“ಇಳಕಲ್ಲಿಗೆ ಬರ್ತೀರೇನ್ರಿ? ನಮ್ಮಪ್ಪನ ಮುಂದ ಲಗ್ನದ ಮಾತು ತಗೀಬೇಕು.”

ಬಸ್‌ಸ್ಟ್ಯಾಂಡಿನ ಬಾಗಿಲಲ್ಲೇ ಚಂದಪ್ಪ ಗಕ್ಕನೆ ನಿಂತ. “ಯಾ... ಯಾರು ತಗಿಯೂದು?”

“ನಾನ! ನೀವು ಹೂಂ ಅಂದ್ರ ಸಾಕು.”

“ನಮ್ಮ ಜಾತಿ ಬ್ಯಾರೆ ಐತಿ. ಅಪ್ಪಾರು ಒಲ್ಲೆ ಅಂದ್ರ?”

“ಒಂದು ವಿಚಾರಣೆ ಈಗಷ್ಟ ಮುಗಿಸಿ ಬಂದೇನಿ. ಇನ್ನೊಂದಕ್ಕ ಅಂಜತೇನೇನು?”

ಅವನು ಏನೋ ಅಂದ. ಎದುರಿನ ಬಸ್ಸು ಹಾರ್ನ್ ಹೊಡೆಯಿತು.

“ಏನಂದ್ರಿ? ಕೇಳಲಿಲ್ಲ!”

“ಹೂಂ ಅಂದೆ ಶಾರವ್ವಾ, ಹೂಂ ಅಂದೆ!”

ಸ್ಟ್ಯಾಂಡಿನಲ್ಲಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ನೋಡಲಿ! ಶಾರವ್ವ ಎಲ್ಲರೆದುರೇ ಅವನ ಕೈ ಹಿಡಿದು ಬಸ್ಸು ಹತ್ತಿದಳು.