ಅರ್ಧ ಇಂಚಿನ ಇಳಿಜಾರು

ಅರ್ಧ ಇಂಚು ಇಳಿಸಲೇ, ಬೇಡವೇ? ಇಳಿಸಿದರೆ ಯಾರಿಗಾದರೂ ಗೊತ್ತಾಗಿಬಿಟ್ಟೀತೇ? ಇಷ್ಟು ವರ್ಷ ಗೊತ್ತಾಗದ್ದು ಈಗ ಯಾಕೆ ಗೊತ್ತಾಗುತ್ತದೆ... ಆದರೂ ಈ ಸಲ ಕೈ ಯಾಕೆ ಹೀಗೆ ತಡವರಿಸುತ್ತಿದೆ?

ದರ್ಜಿ ಸೀಮೆಸುಣ್ಣದ ತುಂಡನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತಿದ್ದ. ಮೇಜಿನ ಮೇಲೆ ತಿಳಿನೀಲಿ ಬಟ್ಟೆ ಹರಡಿತ್ತು. ಕಿಟಕಿಯಿಂದ ಬಂದ ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದು, ಇದು ಬಟ್ಟೆಯೋ ನಿಂತ ನೀರೋ ಎಂದು ಅನುಮಾನ ಬರುವಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಮಕ್ಕಳ ನಿಲಯದಿಂದ ಬಂದ, ಒಬ್ಬ ಹುಡುಗಿಯ ಫ್ರಾಕಿನ ಚೀಟಿ. ಎದೆ, ಸೊಂಟ, ತೋಳು, ಉದ್ದ, ಎಲ್ಲದರ ಅಳತೆಯೂ ಅದರಲ್ಲಿತ್ತು. ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ತಗ್ಗು ಎನ್ನುವುದು ಮಾತ್ರ ಇರಲಿಲ್ಲ. ಅವನು ಆ ಹುಡುಗಿಯನ್ನು ನೋಡಿ ಎಂಟು ವರ್ಷವಾಗಿತ್ತು. ಆದರೂ ಅದು ಅವನಿಗೆ ಗೊತ್ತಿತ್ತು. ಅದು ತಮ್ಮನ ಭುಜ. ಇದೇ ಕೋಣೆಯಲ್ಲಿ, ಆ ಎರಡನೆಯ ಯಂತ್ರದ ಮುಂದೆ ಸಿಳ್ಳೆ ಹಾಕುತ್ತ ಕೂರುತ್ತಿದ್ದ ತಮ್ಮನ ಅಂಗಿಗಳನ್ನೆಲ್ಲ ಕತ್ತರಿಸಿದ್ದು ಇವನೇ ಅಲ್ಲವೇ? ಒಮ್ಮೊಮ್ಮೆ ಈಗಲೂ ಯಂತ್ರದ ಸದ್ದಿನೊಳಗಿಂದ ಆ ಸಿಳ್ಳೆ ತೇಲಿಬಂದಂತಾಗುತ್ತಿತ್ತು. ಕಾಲು ಪೆಡಲಿನಿಂದ ತೆಗೆದರೆ ಅದೂ ನಿಂತುಹೋಗುತ್ತಿತ್ತು.

ತಮ್ಮ ಏಡ್ಸ್‌ನಿಂದ ತೀರಿಕೊಂಡ. ವರ್ಷ ತುಂಬುವುದರೊಳಗೆ ಅವನ ಹೆಂಡತಿಯೂ ಹೋದಳು. ಉಳಿದದ್ದು ಅದೇ ಸೋಂಕು ಹೊತ್ತ ನಾಲ್ಕು ವರ್ಷದ ಮಗಳು. ಚರ್ಚಿನ ಮುದಿ ಪಾದ್ರಿಗಳು ಆ ಮಗುವಿನ ಕೈ ಹಿಡಿದು ಈ ಬಾಗಿಲಿಗೆ ಬಂದರು, ಬಂದ ದಾರಿಯಲ್ಲೇ ವಾಪಸು ಕರೆದೊಯ್ದರು. ದರ್ಜಿಯ ಅಮ್ಮ ಬೇಡ ಎಂದರಂತೆ. ಮನೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಗೊತ್ತಿದ್ದ ಕಥೆ ಅಷ್ಟೇ. ಮರುತಿಂಗಳು ಪಾದ್ರಿಗಳು ನಿಲಯದ ಮಕ್ಕಳಿಗೆ ಖರ್ಚು ನೋಡಿಕೊಳ್ಳುವ ಪೋಷಕರು ಬೇಕೆಂದು ಪಟ್ಟಿ ಹಿಡಿದು ನಿಂತಾಗ, ಸಾಲಿನ ಕೊನೆಯಲ್ಲಿ ದರ್ಜಿ ನಿಂತಿದ್ದ. ಅವರು ಅವನ ಮುಖ ನೋಡಿದರು. ಏನೂ ಕೇಳದೆ, ಆ ಹುಡುಗಿಯ ಹೆಸರಿನ ಮುಂದೆ ಅವನ ಹೆಸರು ಬರೆದುಕೊಂಡರು. ಪೋಷಕರು ಯಾರೆಂದು ಮಕ್ಕಳಿಗೆ ಹೇಳಕೂಡದೆಂಬುದು ನಿಲಯದ ನಿಯಮ. ಆ ನಿಯಮದೊಳಗೆ ಅವನು ಕಂಬಳಿ ಹೊದ್ದವನಂತೆ ಬೆಚ್ಚಗೆ ಅಡಗಿ ಕೂತಿದ್ದ. ಓದಿಗೆ, ಮಾತ್ರೆಗೆ, ಊಟಕ್ಕೆ ತಿಂಗಳು ತಿಂಗಳೂ ಕಳಿಸುತ್ತಿದ್ದ. ಹುಟ್ಟುಹಬ್ಬಕ್ಕೊಂದು ಫ್ರಾಕು ಹೊಲಿಯುತ್ತಿದ್ದ. ಯಾವುದೋ ಅನಾಥ ಮಗು ಎಂದು ಮನೆಯಲ್ಲಿ ಹೇಳಿದ್ದ.

“ಏನ್ರೀ, ಬಟ್ಟೆ ಜೊತೆ ಮಾತಾಡ್ತಿದೀರಾ?” ಹೆಂಡತಿ ಒಳಗಿನಿಂದ ಇಣುಕಿದಳು. “ಗಿರಾಕಿ ಅಂಗಿ ಆದ್ರೆ ಕಣ್ಮುಚ್ಚಿ ಕತ್ತರಿ ಆಡಿಸ್ತೀರ. ಇದಕ್ಕೆ ಒಂದ್ ಗೆರೆ ಎಳೆಯೋಕೆ ಒಂದ್ ಗಂಟೆ!”

“ಮಕ್ಕಳ ಬಟ್ಟೆ ಕಣೇ. ನಾಜೂಕು.”

“ನಾಜೂಕಂತೆ! ಯಾರದೋ ಮಗು ಮೇಲೆ ಇಷ್ಟು ಅಕ್ಕರೆ ಇರೋ ಮನೇಲಿ ಸ್ವಂತ ರಕ್ತಕ್ಕೆ ಒಂದ್ ಚಾಪೆ ಜಾಗ ಸಿಗಲಿಲ್ಲ ನೋಡಿ.”

ಕೊನೆಯ ಮಾತು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆಗೆ ಕೇಳಲೆಂದೇ ಎತ್ತರದ ದನಿಯಲ್ಲಿ ಬಂದಿತ್ತು. ಅಮ್ಮ ತಲೆಯೆತ್ತಲಿಲ್ಲ. ಹಲ್ಲಿನಿಂದ ದಾರ ಕಡಿದು ಇನ್ನೊಂದು ಗುಂಡಿ ಎತ್ತಿಕೊಂಡಳು. ಎಂಟು ವರ್ಷದಿಂದ ಸೊಸೆ ಅವಳೊಡನೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅಮ್ಮ ಅದಕ್ಕೊಂದು ಉತ್ತರವನ್ನೂ ಕೊಟ್ಟಿರಲಿಲ್ಲ.

ದರ್ಜಿ ಗೆರೆ ಎಳೆದ. ಬಲಗಡೆ ಅರ್ಧ ಇಂಚು ಕೆಳಗೆ.

ನಾಲ್ಕನೆಯ ದಿನ ನಿಲಯದ ಸಿಸ್ಟರ್ ತಾವೇ ಫ್ರಾಕು ಒಯ್ಯಲು ಬಂದರು. ಅವರು ನಿಲಯಕ್ಕೆ ಬಂದು ಮೂರೇ ವರ್ಷ. ಮುದಿ ಪಾದ್ರಿಗಳು ಅಷ್ಟರಲ್ಲಿ ತೀರಿಹೋಗಿದ್ದರು. ಹಳೆಯದೇನೂ ಅವರಿಗೆ ತಿಳಿದಿರಲಿಲ್ಲ.

“ಇದೇ ಕೊನೇದು ಅಂತ ಕಾಣುತ್ತೆ,” ಎಂದರು ಸಿಸ್ಟರ್, ನೀಲಿ ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು. “ಹನ್ನೆರಡು ತುಂಬಿದೋರನ್ನ ದೊಡ್ಡ ನಿಲಯಕ್ಕೆ ಕಳಿಸ್ತೀವಿ. ರೈಲಲ್ಲಿ ಎರಡು ದಿನದ ದಾರಿ. ಶನಿವಾರ ಹೊರಡ್ತಾಳೆ. ಯಾರಾದ್ರೂ ಬಂಧುಗಳಿದ್ದಿದ್ರೆ ಕಳಿಸ್ತಿರಲಿಲ್ಲ... ಯಾರೂ ಇಲ್ಲ, ಪಾಪ. ನಾವು ಅವಳನ್ನ ಯಾಕಮ್ಮ ಅಂತಾನೇ ಕರೆಯೋದು. ಮಾತ್ರೆ ಯಾಕೆ ಹಳದಿ, ದೇವರು ಯಾಕೆ ಬಾಯಿ ಬಿಡಲ್ಲ... ಎಲ್ಲಕ್ಕೂ ಯಾಕೆ! ಈಗ ಹೊಸದೊಂದು ಹಿಡ್ಕೊಂಡಿದಾಳೆ. ದಾನ ಬಂದ ಬಟ್ಟೆ ಎಲ್ಲಾ ಬಲಗಡೆ ಜಾರುತ್ತೆ, ಇದೊಂದೇ ಯಾಕೆ ಸರಿಯಾಗಿ ಕೂರುತ್ತೆ ಅಂತ. ನಾವು ಭುಜದ ವಿಷಯ ಬರೆದೇ ಇಲ್ಲವಲ್ಲ. ನಿಮಗೆ ಹೇಗೆ ಗೊತ್ತು?”

ದರ್ಜಿಯ ಕಾಲು ಪೆಡಲಿನ ಮೇಲೇ ನಿಂತಿತು. ಕೋಣೆಯ ಬಿಸಿಲಿನಲ್ಲಿ ನೂಲಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಅದರಲ್ಲೊಂದು ಕಣವಾಗಿ ತಾನೂ ತೇಲಿಹೋಗಬಾರದೇ ಎನಿಸಿತು.

“ಅದು ಅವಳಪ್ಪನ ಭುಜ, ಸಿಸ್ಟರ್.”

ಮಾತಾಡಿದವಳು ಅಮ್ಮ.

“ನನ್ನ ಚಿಕ್ಕ ಮಗಂದು. ಎಂಟು ಫ್ರಾಕಿಗೂ ಗುಂಡಿ ಹೊಲಿದೋಳು ನಾನು. ನನಗೆ ಗೊತ್ತಾಗಲ್ವಾ?”

ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಸಿಡಿದಳು.

“ಅಂದ್ರೆ... ಅಂದ್ರೆ ಇವರು ಸಾಕ್ತಿದ್ದಿದ್ದು ಅದೇ ಕೂಸನ್ನಾ! ನಿಮಗೆ ಗೊತ್ತಿತ್ತಾ ಅತ್ತೆ! ಗೊತ್ತಿದ್ದೂ ಬಾಯಿ ಹೊಲ್ಕೊಂಡು ಕೂತಿದ್ರಾ! ನಾನು ಹೆರಿಗೆ ಆಸ್ಪತ್ರೆಯಿಂದ ಬರೋ ಹೊತ್ತಿಗೆ ಆ ಮಗೂನ ಹೊಸ್ತಿಲಾಚೆ ಹಾಕಿದ್ರಿ. ಹೆತ್ತ ಮಗ ಕಳ್ಳನ ಹಾಗೆ ಕದ್ದು ಫ್ರಾಕು ಹೊಲಿಯೋ ಹಾಗೆ ಮಾಡಿದ್ರಿ! ನಿಮ್ಮ ಎದೇಲಿ ಇರೋದು ಏನತ್ತೆ... ಕಲ್ಲಾ?”

ದರ್ಜಿಯ ಕಣ್ಣ ಮುಂದೆ ಆ ದಿನ ನೀರೊಳಗಿನ ಚಿತ್ರದಂತೆ ಅಲುಗಾಡಿತು. ಪಾದ್ರಿಗಳು ಹೊಸ್ತಿಲಾಚೆ. ಹುಡುಗಿಯ ಅಂಗಿ ಬಲಗಡೆ ಜಾರಿದೆ. “ಬಾ ಕಂದ...” ಎಂದು ಎರಡೂ ಕೈ ಚಾಚಿ ಮುಂದೆ ಬಂದವಳು ಅಮ್ಮ. ಆ ಕೈಗಳಿಗೂ ಮಗುವಿಗೂ ನಡುವೆ ಬಂದು ನಿಂತವನು ಅವನು! “ಬೇಡಮ್ಮ. ನಾಳೆ ನನ್ನ ಕೂಸು ಮನೆಗೆ ಬರುತ್ತೆ. ಅದಕ್ಕೇನಾದ್ರೂ ಅಂಟಿದ್ರೆ? ತಮ್ಮ ಮುಟ್ಟಿದ ಬಟ್ಟೆ ಅಂತ ಗಿರಾಕಿಗಳು ಆಗಲೇ ಬರ್ತಿಲ್ಲ. ಬೇಡ ಅಂದ್ರೆ ಬೇಡ...” ಬಾಗಿಲು ಹಾಕಿದ್ದು ಅವನ ಕೈ. ಮರುದಿನ ಹೆಂಡತಿ ಹಸುಗೂಸನ್ನು ಎದೆಗವಚಿಕೊಂಡು, “ಮೈದುನನ ಮಗು ಎಲ್ಲಿ?” ಎಂದಾಗ, ಆ ಕಣ್ಣುಗಳನ್ನು ಎದುರಿಸಲಾರದೆ ಅವನ ನಾಲಿಗೆ ಹೊರಳಿತ್ತು: “ಅಮ್ಮ ಬೇಡ ಅಂದ್ರು.” ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಅದು ಕೇಳಿಸಿತ್ತು. ಅವಳು ಹೊರಗೆ ಬರಲಿಲ್ಲ.

ಈಗ ಹೇಳಬೇಕು. ಈಗಲೇ... ಅವನು ಬಾಯಿ ತೆರೆದ. ಅಮ್ಮ ಅವನ ಕಡೆ ನೋಡಿದಳು. ತಲೆಯನ್ನು ಅತ್ತಿಂದಿತ್ತ ಕೂದಲೆಳೆಯಷ್ಟು ಆಡಿಸಿದಳು.

“ಹೌದು ತಾಯಿ, ನಾನೇ,” ಎಂದಳು ಸೊಸೆಗೆ. “ತಪ್ಪಾಯ್ತು. ಬೈಯೋದು ಆಮೇಲೂ ಬೈಬಹುದು. ಶನಿವಾರಕ್ಕೆ ಮೊದಲು ಕರ್ಕೊಂಡು ಬಾ ಅವಳನ್ನ.”

ಸಿಸ್ಟರ್ ಕಣ್ಣೊರೆಸಿಕೊಂಡು ತಿಳಿಸಿ ಹೇಳಿದರು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ, ತಪ್ಪಿಸುವಂತಿಲ್ಲ. ಒಂದೇ ತಟ್ಟೆ, ಒಂದೇ ಹಾಸಿಗೆಯಾದರೂ ಯಾರಿಗೂ ಏನೂ ಅಂಟುವುದಿಲ್ಲ.

“ಅಷ್ಟು ನನಗೆ ಆವಾಗಲೂ ಗೊತ್ತಿತ್ತು ಸಿಸ್ಟರ್,” ಎಂದಳು ಹೆಂಡತಿ, ಅತ್ತೆಯನ್ನು ದುರುಗುಟ್ಟಿ ನೋಡುತ್ತ.

ಶುಕ್ರವಾರ ಹುಡುಗಿ ಬಂದಳು. ಒಂದು ಚೀಲ, ಮಾತ್ರೆಯ ಡಬ್ಬಿ. ಒಳಗೆ ಕಾಲಿಡುವ ಮೊದಲೇ ಕೇಳಿದಳು.

“ಆವಾಗ ಯಾಕೆ ಕರ್ಕೊಳ್ಳಲಿಲ್ಲ?”

ದರ್ಜಿ ಅವಳ ಚೀಲ ತೆಗೆದುಕೊಳ್ಳಲು ಬಗ್ಗಿದ.

“ನಾನು ಬೇಡ ಅಂದೆ ಕಂದ,” ಎಂದಳು ಅಮ್ಮ. “ಹೆದರಿಬಿಟ್ಟೆ.”

ಹುಡುಗಿ ಅಜ್ಜಿಯನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅವಳನ್ನು ದಾಟಿ ನಡೆದು ಬಂದು ದರ್ಜಿಯ ಬೆರಳು ಹಿಡಿದಳು. “ಫ್ರಾಕು ಹೊಲೀತಿದ್ದಿದ್ದು ನೀವಾ, ದೊಡ್ಡಪ್ಪ?”

ಆ ಸಂಜೆ ಹಿತ್ತಲಿನ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದ ಅಮ್ಮನ ಬಳಿ ಹೋಗಿ ಅವನು ನಿಂತ. ಇಳಿಬಿಸಿಲಿಗೆ ಬಿಳಿ ಹಚ್ಚಡಗಳೆಲ್ಲ ಬಂಗಾರವಾಗಿದ್ದವು. ಅವುಗಳ ನಡುವೆ ಅಮ್ಮ ಕಾಣುತ್ತಲೂ ಮರೆಯಾಗುತ್ತಲೂ ಇದ್ದಳು.

“ಅಮ್ಮಾ, ನನ್ನಿಂದಾಗಲ್ಲ... ಹೇಳಿಬಿಡ್ತೀನಿ.”

“ಹೇಳಿ? ನಿನ್ನ ಎದೆ ಹಗುರ ಆಗುತ್ತೆ. ಅವಳದ್ದು?” ಅಮ್ಮ ಒಂದು ಹಚ್ಚಡದ ತುದಿಯನ್ನು ಅವನ ಕೈಗಿತ್ತಳು, ಇಬ್ಬರೂ ಸೇರಿ ಮಡಿಸಿದರು. “ಆ ಮಗೂಗೆ ಈ ಮನೇಲಿ ಪೂರ್ತಿ ನಂಬೋಕೆ ಒಬ್ರು ಬೇಕು ಕಣೋ. ಅದು ನೀನಾಗಿರು. ನನಗೇನು... ಬೈಸ್ಕೊಂಡು ಬೈಸ್ಕೊಂಡು ಒಗ್ಗಿಹೋಗಿದೆ.”

“ನಿನಗೆ ನೋವಾಗಲ್ವಾ ಅಮ್ಮ?”

“ಆಗುತ್ತೆ,” ಎಂದಳು ಅಮ್ಮ. ಹಗ್ಗದಿಂದ ಇನ್ನೊಂದು ಹಚ್ಚಡ ಎಳೆದುಕೊಂಡಳು.

ಅಮ್ಮ ಎರಡು ವರ್ಷ ಬದುಕಿದಳು. ಹುಡುಗಿ ದೊಡ್ಡಮ್ಮನ ಅಡುಗೆಗೆ ಹೆಸರಿಟ್ಟು ನಗಿಸುತ್ತಿದ್ದಳು, ದೊಡ್ಡಪ್ಪನ ಮಗಳಾದ ಪುಟ್ಟ ತಂಗಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಅಪ್ಪನ ಯಂತ್ರದ ಮುಂದೆ ಕೂತು ನೇರ ಹೊಲಿಗೆ ಕಲಿತಳು. ಆದರೆ ಆ ಎರಡು ವರ್ಷದಲ್ಲಿ ಒಮ್ಮೆಯೂ ಅಮ್ಮನನ್ನು ‘ಅಜ್ಜಿ’ ಎಂದು ಕರೆಯಲಿಲ್ಲ. ಅಮ್ಮ ಒಂದು ಬೆಳಿಗ್ಗೆ, ಕೈಯಲ್ಲಿ ಸೂಜಿ ಇದ್ದ ಹಾಗೆಯೇ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆಯೆಲ್ಲ ನಿದ್ದೆಯಲ್ಲಿ ನಡೆಯುವಂತಿತ್ತು. ಹುಡುಗಿ ದರ್ಜಿಯ ಪಕ್ಕ ಬಂದು ಕೂತಳು.

“ದೊಡ್ಡಪ್ಪ... ರಜೆ ದಿನ ಮಧ್ಯಾಹ್ನ ನಾನು ಮಲಗಿದ್ದಾಗ ಅಜ್ಜಿ ಬಂದು ತಲೆ ಸವರ್ತಿದ್ರು. ನಾನು ನಿದ್ದೆ ಬಂದ ಹಾಗೆ ಮಾಡ್ತಿದ್ದೆ. ಹೆದರಿಕೆ ಇದ್ದೋರು ಅಷ್ಟು ಹೊತ್ತು ಯಾಕೆ ಸವರ್ತಾರೆ? ಅವರು ನಿಜವಾಗ್ಲೂ ನನ್ನನ್ನ ಬೇಡ ಅಂದಿದ್ರಾ?”

ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಪೂರ್ತಿ ನಂಬಿದ ಕಣ್ಣು. ಅವನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟ... ಹುಡುಗಿಯೂ ಅತ್ತಳು, ಅಜ್ಜಿಗಾಗಿ, ಮೊದಲ ಸಲ. ಆ ಅಳುವೇ ಉತ್ತರವೆಂದು ತಿಳಿದಳೋ ಏನೋ, ಮತ್ತೆ ಎಂದೂ ಕೇಳಲಿಲ್ಲ.

ಬೇಡ ಅಂದಿದ್ದು ಅಜ್ಜಿ ಅಲ್ಲ, ನಾನು ಎಂದು ಅವನು ಅವಳಿಗೆ ಹೇಳಲೇ ಇಲ್ಲ.