ವಾಲಿದ ಚಕ್ರದ ಗುರುತು

ಬೇಕರಿಯವನ ಹೆಂಡತಿ ಠಾಣೆಗೆ ಬಂದಾಗ ಬೆಳಿಗ್ಗೆ ಒಂಬತ್ತು ಗಂಟೆ. ಅಳುವುದನ್ನೆಲ್ಲ ಆಸ್ಪತ್ರೆಯಲ್ಲೇ ಮುಗಿಸಿ ಬಂದವಳಂತೆ ಒಂದೇ ಉಸಿರಿನಲ್ಲಿ ದೂರು ಹೇಳಿದಳು. ಹಿಂದಿನ ಸಂಜೆ ಗಂಡ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ. ಗೋದಾಮುಗಳ ಹಿಂದಿನ ಒಳದಾರಿಯಲ್ಲಿ ಯಾವುದೋ ಗಾಡಿ ಗುದ್ದಿ ಅವನನ್ನು ಚರಂಡಿಯ ಪಕ್ಕಕ್ಕೆ ಎಸೆದಿತ್ತು. ಆಕೆ ಮುಖ್ಯರಸ್ತೆಯಲ್ಲೆಲ್ಲ ಹುಡುಕಿ ಬಂದಳು, ಒಳದಾರಿ ಹೊಳೆಯಲಿಲ್ಲ. ಬೆಳಿಗ್ಗೆ ಕಸದ ಲಾರಿಯವರು ಅವನನ್ನು ಕಂಡು ಆಸ್ಪತ್ರೆಗೆ ಸಾಗಿಸಿದರು. ಅರ್ಧ ದಾರಿಯಲ್ಲೇ ಪ್ರಾಣ ಹೋಯಿತು.

“ಪಕ್ಕೆಲುಬು ಮುರಿದು ಒಳಗೇ ರಕ್ತ ಸೋರಿದೆಯಂತೆ. ರಾತ್ರಿಯೇ ಕರ್ಕೊಂಡು ಬಂದಿದ್ರೆ ಉಳೀತಿದ್ರು ಅಂದ್ರು ಡಾಕ್ಟ್ರು,” ಎಂದಳು. “ಸಾರ್, ಅವರ ತಲೆ ಕೆಳಗೆ ಯಾರೋ ಬಟ್ಟೆ ಮಡಚಿ ಇಟ್ಟಿದ್ರಂತೆ. ಗುದ್ದಿದವನೇ ಇಟ್ಟಿರಬೇಕು. ಅಷ್ಟು ಕರುಣೆ ಇದ್ದೋನಿಗೆ ಒಂದು ಫೋನ್ ಮಾಡೋಕೆ ಏನಾಗಿತ್ತು? ನನಗೆ ಅದೊಂದು ಗೊತ್ತಾಗಬೇಕು.”

ಇನ್ಸ್‌ಪೆಕ್ಟರಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ಯಾರು ಎಂದು ಕೇಳಿದರೆ ಹುಡುಕಿ ತರಬಹುದು; ಯಾಕೆ ಎಂಬುದಕ್ಕೆ ಕಾಯಿದೆಯಲ್ಲಿ ಕಲಮು ಇಲ್ಲ. ಆದರೂ ನೋಡುತ್ತೇನೆ ಎಂದ. ಎಫ್‌ಐಆರ್ ದಾಖಲಿಸಿ, ಆಸ್ಪತ್ರೆಯಿಂದ ಬಂದ ಆ ಬಟ್ಟೆಯನ್ನು ಪೊಟ್ಟಣ ಕಟ್ಟಿ ಮೊಹರು ಹಾಕಿಸಿ ಜೀಪು ಹತ್ತಿದ.

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಸಿಕ್ಕವರು ಗೋದಾಮಿನ ಇಬ್ಬರು ಕಾವಲುಗಾರರು. ಇಬ್ಬರೂ ಏನೂ ನೋಡಿರಲಿಲ್ಲ, ಏನೂ ಕೇಳಿರಲಿಲ್ಲ, ಸಹಿ ಮಾತ್ರ ಮುತ್ತು ಪೋಣಿಸಿದ ಹಾಗೆ ಹಾಕಿದರು. ಡಾಂಬರಿನ ಮೇಲೆ ಬ್ರೇಕು ಎಳೆದ ಕರಿ ಗೆರೆಗಳು. ಅವು ಮುಗಿದ ಕಡೆ, ರಸ್ತೆಯಂಚಿನ ಧೂಳಿನಲ್ಲಿ ಗಾಡಿ ನಿಂತು, ತಿರುಗಿಕೊಂಡು ಹೋದ ಗುರುತು. ಮುಂದಿನ ಚಕ್ರಗಳ ಅಚ್ಚು ಅಂಗೈಗಿಂತ ಅಗಲವಾಗಿತ್ತು. ಹಿಂದಿನ ಚಕ್ರಗಳದು ಎರಡೇ ಬೆರಳಗಲ.

ಹೆಡ್ ಕಾನ್‌ಸ್ಟೇಬಲ್ ಬಾಯಿ ಮುಚ್ಚಿಕೊಂಡು ಇರುವ ಆಸಾಮಿಯಲ್ಲ. “ಮುಂದೆ ಕಾರು, ಹಿಂದೆ ಸೈಕಲ್ಲು. ಇದೆಂಥ ಗಾಡಿ ಸಾರ್?”

ಉತ್ತರ ಹೇಳಿದ್ದು ಕರೆಸಿಕೊಂಡಿದ್ದ ಮೋಟಾರು ವಾಹನ ನಿರೀಕ್ಷಕ. ಆತ ಕುಕ್ಕರುಗಾಲಲ್ಲಿ ಕೂತು ಅಚ್ಚಿಗೆ ಟೇಪು ಹಿಡಿದ. “ಕಾರೇ. ಸ್ಪೋರ್ಟ್ಸ್ ಕಾರು. ನೆಲಕ್ಕೆ ತಗ್ಗಿಸಿದ್ದಾರೆ. ಗಾಡಿ ತಗ್ಗಿಸಿ ಹಿಂದಿನ ಕ್ಯಾಂಬರ್, ಅಂದ್ರೆ ಚಕ್ರದ ಓರೆ, ಸರಿ ಮಾಡದೆ ಬಿಟ್ರೆ ಚಕ್ರದ ತಲೆ ಒಳಗೆ ವಾಲುತ್ತೆ, ಬುಡ ಹೊರಗೆ ಚಾಚುತ್ತೆ. ಕಾಲಗಲಿಸಿ ನಿಂತ ಪೈಲ್ವಾನ್ ಥರ. ಟೈರಿನ ಒಳಂಚು ಮಾತ್ರ ನೆಲಕ್ಕೆ ತಾಗೋದು.”

ಅಂಥ ಕಾರು ಆ ಊರಿನಲ್ಲಿ ಇದ್ದದ್ದು ಒಂದೇ: ರಾಕೆಟ್ ಎಂದು ಎಲ್ಲರೂ ಕರೆಯುವ ಹುಡುಗನ ಹಳದಿ ಕಾರು. ಅದರ ಸದ್ದಿಗೆ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದ ಇನ್ಸ್‌ಪೆಕ್ಟರ್ ಅವನ ಮೇಲೆ ಮೊದಲಿನಿಂದಲೂ ಹಲ್ಲು ಮಸೆಯುತ್ತಿದ್ದ. ವಿಷಯ ಮೇಲಿನವರ ಕಿವಿಗೂ ಬಿತ್ತು. ಹುಡುಗನನ್ನು ಎತ್ತಾಕಿಕೊಂಡು ಬನ್ನಿ, ಇನ್ನೇನು ಯೋಚನೆ, ಎಂದು ಫೋನು ಬಂತು. ಇನ್ಸ್‌ಪೆಕ್ಟರಿಗೂ ಆ ಮಾತು ಹಿತವಾಗಿಯೇ ಕೇಳಿಸಿತು.

ಆದರೆ ರಾಕೆಟ್‌ನ ಮನೆಯ ಶೆಡ್ಡಿನಲ್ಲಿ ನಿಂತಿದ್ದ ಕಾರಿನ ಹಿಂದಿನ ಚಕ್ರಗಳು ನೆಟ್ಟಗೆ ನಿಂತಿದ್ದವು. ಅಕ್ಕನ ಮನೆಯಲ್ಲಿ ಜ್ವರ ಬಂದು ಮಲಗಿದ್ದ ಹುಡುಗ ಆಗಷ್ಟೇ ಮನೆಗೆ ಬಂದಿದ್ದ. ಮುಖ ಇನ್ನೂ ಬಾಡಿತ್ತು.

“ನಿನ್ನೆ ಸಂಜೆ ಎಲ್ಲಿದ್ದೆ?”

“ಅಕ್ಕನ ಮನೇಲಿ. ಭಾವ, ಡಾಕ್ಟ್ರು, ಯಾರನ್ನ ಬೇಕಾದ್ರೂ ಕೇಳಿ. ಕಾರು ಇವತ್ತು ಬೆಳಿಗ್ಗೆ ತಾನೆ ಅಂಗಡಿಯಿಂದ ಬಂದಿದ್ದು.”

“ಯಾವ ಅಂಗಡಿ?”

“ಗೆರೆ ಮೇಷ್ಟ್ರದು. ಟೈರು ಒಳಗಡೆ ಸವೆದುಹೋಗಿತ್ತು, ಕ್ಯಾಂಬರ್ ಸರಿ ಮಾಡೋಕೆ ಕೊಟ್ಟಿದ್ದೆ.”

ಮೋಟಾರು ವಾಹನ ನಿರೀಕ್ಷಕ ಟಾರ್ಚು ಹಿಡಿದು ಕಾರಿನ ಕೆಳಗೆ ನುಸುಳಿದ. ಟೈರಿನ ಹೊರಭಾಗ ಹೊಸದರಂತಿತ್ತು. ಒಳಂಚಿನಲ್ಲಿ ರಬ್ಬರು ಹೋಗಿ ನೂಲು ಕಾಣುತ್ತಿತ್ತು. ಹಿಂದಿನ ಚಕ್ರ ಹಿಡಿದ ತೋಳಿನ ಬೋಲ್ಟುಗಳ ಮೇಲೆ ಸ್ಪ್ಯಾನರು ಹಿಡಿದ ಹೊಸ ಗೀರು, ಬಿಗಿದ ನಟ್ಟಿನ ಮೇಲೆ ಇನ್ನೂ ಸಡಿಲವಾಗಿಲ್ಲ ಎಂದು ತೋರಿಸುವ ಬಿಳಿ ಬಣ್ಣದ ಗೆರೆ. ಬಂಪರಿನ ಎಡಮೂಲೆಯಲ್ಲಿ ಗೀರುಗಳು ಹತ್ತಾರಿದ್ದವು. ಉಬ್ಬು ಕಂಡಲ್ಲೆಲ್ಲ ಉಜ್ಜಿಸಿಕೊಳ್ಳುವ ಕಾರು. ಒಂದು ಗೀರಿನಲ್ಲಿ ಮಾತ್ರ ನೀಲಿ ಬಣ್ಣ ಮೆತ್ತಿತ್ತು. ಬೇಕರಿಯವನ ಸೈಕಲ್ಲೂ ನೀಲಿ. ಅದನ್ನು ಕೆರೆದು ಪ್ರಯೋಗಾಲಯಕ್ಕೆ ಕಳಿಸಿದರು.

“ಮೇಷ್ಟ್ರ ಹತ್ರ ಯಾವಾಗ ಮಾತಾಡಿದ್ದೆ?” ಇನ್ಸ್‌ಪೆಕ್ಟರ್ ಕೇಳಿದ.

“ನಿನ್ನೆ ಸಂಜೆ ಐದಕ್ಕೆ ಫೋನ್ ಮಾಡಿದ್ದೆ. ಇನ್ನೂ ಮುಟ್ಟಿಲ್ಲ, ಒಂದು ಸುತ್ತು ಓಡಿಸಿ ನೋಡ್ದೆ ನಾನು ಸ್ಪ್ಯಾನರ್ ಹಿಡಿಯಲ್ಲ ಅಂದ್ರು. ಅವರದು ಯಾವಾಗ್ಲೂ ಹಾಗೇ.”

ಹುಡುಗನನ್ನು ಹಿಡಿಯಲು ಬಂದಿದ್ದ ಇನ್ಸ್‌ಪೆಕ್ಟರ್ ಬರಿಗೈಯಲ್ಲಿ ಜೀಪಿಗೆ ಮರಳಿದ. ಬೇಸರವಾಯಿತು ಎಂದರೆ ಸುಳ್ಳಲ್ಲ.

ವೀಲ್ ಅಲೈನ್‌ಮೆಂಟ್ ಅಂಗಡಿ ಮನೆಗೆ ಅಂಟಿಕೊಂಡೇ ಇತ್ತು. ಚಕ್ರವನ್ನು ಗೆರೆ ಎಳೆದ ಹಾಗೆ ನಿಲ್ಲಿಸುತ್ತಾನೆ ಎಂಬ ಕಾರಣಕ್ಕೆ ಬಂದ ಅಡ್ಡಹೆಸರು ಗೆರೆ ಮೇಷ್ಟ್ರು. ಅಂಗಡಿ ಅಡುಗೆಮನೆಯಷ್ಟು ಚೊಕ್ಕಟ. ಮೇಷ್ಟ್ರು ಒಂದು ವ್ಯಾನಿನಡಿ ಇದ್ದ. ಹೆಂಡತಿ ಯಂತ್ರದ ಮುಂದೆ ಕೂತು ಅಂಕಿ ಓದಿ ಹೇಳುತ್ತಿದ್ದಳು. “ಇನ್ನೊಂದು ಕೂದಲೆಳೆ ರೀ… ಸಾಕು, ನಿಲ್ಸಿ.”

“ಹಳದಿ ಕಾರಿನ ಕೆಲಸ ಯಾವಾಗ ಮುಗೀತು?”

“ನಿನ್ನೆ ಮಧ್ಯಾಹ್ನವೇ ಸಾರ್,” ಎಂದ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ. “ಹೊರಗೆ ನಿಲ್ಲಿಸಿದ್ದೆ. ಬೆಳಿಗ್ಗೆ ಮನೆಯವರು ಬಂದು ಒಯ್ದರು.”

ಹೆಂಡತಿ ತಲೆ ಎತ್ತಿ ಗಂಡನನ್ನು ನೋಡಿದಳು.

ಇನ್ಸ್‌ಪೆಕ್ಟರನ ಕಣ್ಣು ವ್ಯಾನಿನೊಳಕ್ಕೆ ಹೋಯಿತು. ಚಾಲಕನ ಸೀಟಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿತ್ತು. ಅಂಚಿಗೆ ನೀಲಿ ದಾರದ ಎರಡು ಸಾಲು ಹೊಲಿಗೆ.

“ಇದೇನಮ್ಮ?”

“ಗಿರಾಕಿ ಸೀಟಿಗೆ ಗ್ರೀಸ್ ಆಗಬಾರದಲ್ಲ ಸಾರ್. ಹಳೇ ದುಪ್ಪಟಿ ಕತ್ತರಿಸಿ ನಾನೇ ಹೊಲಿದಿಡ್ತೀನಿ. ಇದು ಹಾಸ್ದೆ ಇವರು ಯಾರ ಗಾಡೀಲೂ ಕೂರಲ್ಲ,” ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

ಹೆಡ್ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರನ ಮುಖ ನೋಡಿದ. ಪೊಟ್ಟಣದೊಳಗಿನ ಬಟ್ಟೆಯ ಅಂಚಿಗೂ ನೀಲಿ ದಾರದ ಎರಡು ಸಾಲಿತ್ತು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ವಿಚಾರಣೆ. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ಮಧ್ಯಾಹ್ನವೇ ಮುಗಿಸಿದೆ ಎಂಬ ಮಾತನ್ನೇ ಪಟ್ಟು ಹಿಡಿದ. ಹೆಡ್ ಕಾನ್‌ಸ್ಟೇಬಲ್ ಪೊಟ್ಟಣ ಬಿಚ್ಚಿ, ರಕ್ತದ ಕಲೆಯಿದ್ದ ಬಟ್ಟೆಯನ್ನು ಅವನ ಎಡಗೈ ಪಕ್ಕಕ್ಕೇ ಇಟ್ಟ. ಮೇಷ್ಟ್ರು ಅದರ ಕಡೆ ನೋಡಲೇ ಇಲ್ಲ.

“ಗೋದಾಮಿನ ರಸ್ತೆಗೆ ಹೋಗಿದ್ದೆಯಾ?”

“ಇಲ್ಲ ಸಾರ್.”

“ಇದು ಯಾರದು?”

“ಯಾವುದು?”

ನಟನೆ ಎಂದುಕೊಂಡ ಇನ್ಸ್‌ಪೆಕ್ಟರಿಗೆ ರೇಗಿತು. ಆದರೆ ಮೇಷ್ಟ್ರ ಮುಖದಲ್ಲಿ ನಟನೆ ಇರಲಿಲ್ಲ. ಅವನು ನಿಜವಾಗಿಯೂ ಹುಡುಕುತ್ತಿದ್ದ. ಕೊನೆಗೆ ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿದಾಗ ಬಟ್ಟೆ ಕಂಡಿತು. ಅವನ ಮುಖದ ಬಣ್ಣ ಇಳಿದುಹೋಯಿತು.

“ಎಡಗಣ್ಣು ಎಷ್ಟು ಕಾಣುತ್ತೆ?” ಇನ್ಸ್‌ಪೆಕ್ಟರ್ ಮೆತ್ತಗೆ ಕೇಳಿದ.

“ಏನೂ ಕಾಣಲ್ಲ ಸಾರ್.”

ಆಮೇಲೆ ಅವನನ್ನು ಏನೂ ಕೇಳಬೇಕಾಗಲಿಲ್ಲ. ಎಂದಿನಂತೆ ಸುತ್ತು ಹೊಡೆಯಲು ಹೊರಟಿದ್ದ. ಹಿಂದಿನ ಚಕ್ರ ಎಲ್ಲಿ ಜಾರುತ್ತದೆ ಎಂದು ಸೀಟಿನಲ್ಲಿ ಕೂತೇ ಅರಿಯುತ್ತಿದ್ದ. ಎಡಕ್ಕೆ ಸೈಕಲ್ಲು ಇದ್ದದ್ದು ಗುದ್ದಿದ ಸದ್ದಾಗುವವರೆಗೂ ಗೊತ್ತಾಗಲಿಲ್ಲ. ಇಳಿದು ಹೋಗಿ ನೋಡಿದ. ಬೇಕರಿಯವನು ನೀರು ಕೇಳಿದ. ಇವನ ಬಳಿ ನೀರಿರಲಿಲ್ಲ. ಸೀಟಿನ ಬಟ್ಟೆ ತಂದು ತಲೆಯಡಿ ಇಟ್ಟ.

“ಫೋನ್ ಇತ್ತಾ?”

“ಇತ್ತು. ಕೈಯಲ್ಲೇ ಇತ್ತು.” ಮೇಷ್ಟ್ರು ಕೈ ನೋಡಿಕೊಂಡ. “ಮಾಡಿದ್ರೆ ನೀವು ಬರ್ತೀರಿ. ಹೇಗಾಯ್ತು ಅಂತ ಕೇಳ್ತೀರಿ. ಕಣ್ಣು ಪರೀಕ್ಷೆಗೆ ಕಳಿಸ್ತೀರಿ. ಒಕ್ಕಣ್ಣನ ಕೈಗೆ ಯಾರು ಸಾರ್ ಚಕ್ರ ಕೊಡ್ತಾರೆ? ಯಾರಾದ್ರೂ ಬರ್ತಾರೆ, ನೋಡ್ತಾರೆ ಅಂದ್ಕೊಂಡೆ. ದಾರಿ ಪಕ್ಕದಲ್ಲೇ ಇದ್ದರಲ್ಲ.”

“ಯಾರೂ ಬರಲಿಲ್ಲ.”

“ಹೌದು ಸಾರ್.”

“ಹೋಗಿ ಏನು ಮಾಡಿದೆ?”

“ಕ್ಯಾಂಬರ್ ಸರಿ ಮಾಡ್ದೆ. ರಸ್ತೇಲಿ ಗುರುತು ಬಿದ್ದಿದ್ದು ಕಂಡಿತ್ತು. ಚಕ್ರ ನೆಟ್ಟಗಾದ್ರೆ ಈ ಗಾಡೀದು ಅಂತ ಗೊತ್ತಾಗಲ್ಲ ಅಂತ.” ಆಮೇಲೆ ಸೇರಿಸಿದ: “ಅದೂ ಅಲ್ದೆ ಟೈರಲ್ಲಿ ನೂಲು ಬಂದಿತ್ತು. ಹಾಗೇ ಕೊಟ್ಟಿದ್ರೆ ಟೈರ್ ಒಡೆದು ಹುಡುಗ ಸತ್ತುಹೋಗ್ತಿದ್ದ. ಜಾಕಿ ಇಳಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು ಸರಿಯಾಗೇ ಬಿಗಿದಿದ್ದೀನಿ. ಟೈರು ಬದಲಾಯಿಸೋವರೆಗೂ ನಿಧಾನ ಓಡಿಸೋಕೆ ಹೇಳಿ ಅಂತ ಅವರ ಮನೆಯವರಿಗೂ ಹೇಳಿದೆ.”

ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಒಬ್ಬ ಚರಂಡಿಯ ಪಕ್ಕದಲ್ಲಿ ಉಸಿರು ಎಳೆಯುತ್ತಿದ್ದ ಹೊತ್ತಿಗೆ ಈ ಮನುಷ್ಯ ಇನ್ನೊಬ್ಬನ ಪ್ರಾಣಕ್ಕೆಂದು ನಟ್ಟು ಬಿಗಿದು ಅದರ ಮೇಲೆ ಗೆರೆ ಎಳೆಯುತ್ತಿದ್ದ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಬಂಧನದ ಕಾಗದಕ್ಕೆ ಸಹಿ ಹಾಕುವಾಗ ಮೇಷ್ಟ್ರು ಒಂದೇ ಬೇಡಿಕೆ ಇಟ್ಟ. “ನನ್ನ ಹೆಂಡ್ತಿಗೆ ಗುದ್ದಿದ್ದು ಹೇಳಿ, ಓಡಿಹೋಗಿದ್ದು ಹೇಳಿ. ಕಣ್ಣಿನ ವಿಷಯ ಮಾತ್ರ ಬೇಡ ಸಾರ್.”

ಅವಳು ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಡಬದಿಯ ಬಾಗಿಲು, ಅವನಿಗೆ ಕಂಡಿರಲಿಲ್ಲ.

“ನಂಗೊತ್ತು ರೀ,” ಎಂದಳು. “ಎರಡು ವರ್ಷದಿಂದ ಗೊತ್ತು. ಬೀದೀಲಿ ಯಾವಾಗ್ಲೂ ನಿಮ್ಮ ಎಡಗಡೆಗೇ ಬಂದು ಯಾಕೆ ನಡೀತಿದ್ದೆ ಅಂದ್ಕೊಂಡ್ರಿ?”

“ಗೊತ್ತಿದ್ದೂ ಹೇಳ್ಲಿಲ್ವಲ್ಲೇ.”

“ನೀವೇ ಹೇಳ್ಲಿ ಅಂತ ಕಾಯ್ತಿದ್ದೆ.”

ಮೇಷ್ಟ್ರು ಕುರ್ಚಿಯಲ್ಲೇ ಕುಸಿದು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಮಹಿಳಾ ಕಾನ್‌ಸ್ಟೇಬಲ್ ಹೇಳಿಕೆ ಬರೆದುಕೊಳ್ಳಲು ಹಾಳೆ ತೆಗೆದಳು. ಹೆಂಡತಿ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

“ಇದನ್ನೂ ಬರ್ಕೊಳ್ತೀರಾ ಸಾರ್?”

“ಬರ್ಕೊಳ್ಳಲೇಬೇಕಮ್ಮ,” ಎಂದ. ಕಣ್ಣಿಲ್ಲವೆಂದು ಗೊತ್ತಿದ್ದೂ ಓಡಿಸಿದ ಎನ್ನುವುದಕ್ಕೆ ಅವಳೇ ಸಾಕ್ಷಿಯಾಗಬೇಕಿತ್ತು.

ಶವ ಪಡೆಯುವ ಕಾಗದಕ್ಕೆಂದು ಬೇಕರಿಯವನ ಹೆಂಡತಿ ಆರು ಗಂಟೆಗೆ ಬಂದಳು. ಅವಳು ಕೇಳಿದ್ದಕ್ಕೆ ಉತ್ತರ ಈಗ ಇನ್ಸ್‌ಪೆಕ್ಟರನ ಬಳಿ ಇತ್ತು. ಅಂಗಳದಲ್ಲಿ ನಿಂತುಕೊಂಡೇ ಹೇಳಿದ: ಗುದ್ದಿದವನಿಗೆ ಒಂದು ಕಣ್ಣು ಹೋಗಿತ್ತು, ಅದು ಹೊರಗೆ ಬರಬಾರದು ಅಂತ ಫೋನ್ ಮಾಡಲಿಲ್ಲ. ಅವನ ಹೆಂಡತಿಗೆ ಮೊದಲೇ ಗೊತ್ತಿತ್ತು ಎನ್ನುವುದನ್ನು ಮಾತ್ರ ನಾಲಗೆಗೆ ತರಲಾಗಲಿಲ್ಲ.

ಅವಳು ಶವ ಪಡೆಯುವ ಕಾಗದವನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು.

“ಇಷ್ಟಕ್ಕಾ ಸಾರ್?”

“ಇಷ್ಟಕ್ಕೇ ಅಮ್ಮ,” ಎಂದ ಇನ್ಸ್‌ಪೆಕ್ಟರ್.