ನಾಲ್ಕು ಪಾಲು ಹಾಲು, ಒಂದು ಪಾಲು ನೀರು

“ಹಾಲು ಮಾರಾಕಿ ನಾಕು ಪಾಲು ಹಾಲಿಗೆ ಒಂದು ಪಾಲು ನೀರು ಕೂಡಿಸ್ಯಾಳ. ನೀರು ನೂರಕ್ಕ ಎಷ್ಟು?”

ಯಾದಗಿರಿ ಪೇಟೆಯ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ನೀಲಕಂಠ ಉರ್ದು ಪುಸ್ತಕದ ಲೆಕ್ಕವನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ತಲೆಯೆತ್ತಿದರೆ ಎದುರಿಗೆ ಹಾಲಿನ ಕೊಡ ಹೊತ್ತ ಗೊಲ್ಲಾಳಮ್ಮ. ಭೀಮಾ ಹೊಳೆ ದಾಟುವಾಗ ನೆನೆದ ಸೀರೆಯಂಚು ಇನ್ನೂ ಒಣಗಿರಲಿಲ್ಲ. ಕಣ್ಣು ಮಾತ್ರ ಕೆಂಡವಾಗಿತ್ತು.

“ನನ್ನ ಕೊಡದಾಗ ನೀರೈತಿ ಅಂತ ಯಾರು ಹೇಳ್ಯಾರ್ರಿ ನಿಮಗ?”

ಅವನು ಗಾಬರಿಯಿಂದ ಪುಸ್ತಕ ತೋರಿಸಿದ. ಅವಳಿಗೆ ಅಕ್ಷರ ಬಾರದು. ಬರೀ ಲೆಕ್ಕವೆಂದು ತಿಳಿದ ಮೇಲೆ ಸಿಟ್ಟಿಳಿದು, ಉತ್ತರವೆಷ್ಟು ಬಂತೆಂದು ಕೇಳಿದಳು. ನಾಲ್ಕಕ್ಕೆ ಒಂದು, ಅಂದರೆ ನೂರಕ್ಕೆ ಇಪ್ಪತ್ತೈದು ಎಂದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

“ಕೂಡಿಸಿದ ನೀರು ಎಲ್ಲಿ ಹೋತ್ರಿ? ಅದೂ ಕೊಡದಾಗೇ ಐತಲ್ಲ. ಮೊದಲು ಇಡೀ ಕೊಡ ಎಣಿಸ್ರಿ. ಐದರಾಗ ಒಂದು. ನೂರಕ್ಕ ಇಪ್ಪತ್ತು.”

“ಇಷ್ಟು ಲಗೂ ಹೆಂಗ ಹೇಳಿದಿ?”

“ನಮ್ಮ ಓಣ್ಯಾಗ ಹಂಗ ಕೂಡಿಸೋರು ಅದಾರ್ರಿ. ನಾನಲ್ಲ ಮತ್ತ.”

ನಿಜಾಮರ ಸರ್ಕಾರದ ಮಿಡಲ್ ಪರೀಕ್ಷೆಯಲ್ಲಿ ಅವನು ಎರಡು ಸಲ ಬಿದ್ದದ್ದು ಲೆಕ್ಕದಲ್ಲೇ. ಪಾಸಾಗಲು ನೂರಕ್ಕೆ ಮೂವತ್ತಮೂರು ಬೇಕಿತ್ತು. ಅಂದಿನಿಂದ ಅವಳು ಹಾಲು ಅಳೆದು ಕೊಟ್ಟ ಮೇಲೂ ಒಂದು ಲೆಕ್ಕದಷ್ಟು ಹೊತ್ತು ಕಟ್ಟೆಯ ಬಳಿ ನಿಲ್ಲತೊಡಗಿದಳು. ಕಾಲು, ಅರ್ಧ, ಮುಕ್ಕಾಲನ್ನು ರೊಟ್ಟಿ ಮುರಿದು ತೋರಿಸಿದಳು. ಅವಳನ್ನು ಇನ್ನಷ್ಟು ನಿಲ್ಲಿಸಿಕೊಳ್ಳಲು ಅವನು ಬೇಕೆಂದೇ ತಪ್ಪುತ್ತಿದ್ದ. ಹಾಗೆ ತಪ್ಪಿದ ದಿನ ಅವನ ಕಿವಿ ಕೆಂಪಾಗುತ್ತಿತ್ತು. ಅವಳು ಓರೆಗಣ್ಣಿನಿಂದ ಆ ಕಿವಿಯನ್ನೇ ನೋಡುತ್ತಿದ್ದಳು.

ಅವನು ಲಿಂಗಾಯತರ ಅಂಗಡಿಯ ಮಗ, ಅವಳು ಅಂಬಿಗರ ಮಗಳು. ಮದುವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ದಿನಕ್ಕೊಮ್ಮೆ ಕಾಣುವುದಷ್ಟೇ ಅವರ ಪಾಲಿಗಿದ್ದದ್ದು. ಪಾಸಾದರೆ ಬೀದರಿನ ಕಡೆ ಮಾಸ್ತರಿಕೆ. ಬಿದ್ದರೆ ಅಪ್ಪನ ಅಂಗಡಿ, ಇದೇ ಕಟ್ಟೆ, ದಿನವೂ ಇದೇ ಹಾಲು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವನು ಅದೇ ಹಾಲಿನ ಲೆಕ್ಕವನ್ನು ಪಾಟಿಯ ಮೇಲೆ ಬರೆದು ಮಾಡಿ ಉತ್ತರ ಓದಿ ಹೇಳಿದ. ಇಪ್ಪತ್ತೈದು. ಗೊಲ್ಲಾಳಮ್ಮ ಅವನ ಕಿವಿ ನೋಡಿದಳು. ಕೆಂಪಾಗಿರಲಿಲ್ಲ. ನಿಜವಾಗಿಯೇ ತಪ್ಪಿದ್ದ.

ಸರಿಯಿದೆಯೇ ಎಂದು ಕೇಳಿದ. ಹೌದು ಅಂದರೆ ಸಾಕಿತ್ತು, ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಕೊಡದ ಕಂಠವನ್ನು ಬಿಗಿಯಾಗಿ ಹಿಡಿದು ನಿಂತಳು. ಒಂದು ಲೆಕ್ಕ ಸರಿ ಬಂದಾಗಲೆಲ್ಲ ಅವನ ಮುಖ ಅರಳುತ್ತಿದ್ದ ಬಗೆ ನೆನಪಾಯಿತು.

“ಇಡೀ ಕೊಡ ಎಣಿಸ್ರಿ,” ಅಂದಳು.

ಅವನು ಪಾಸಾದ.

ಹೊರಡುವ ದಿನ ಬಾಗಿಲಲ್ಲಿ ಸ್ಟೇಷನ್ನಿಗೆ ಹೋಗುವ ಟಾಂಗಾ ನಿಂತಿತ್ತು. ಒಳಗೆ ತಾಯಿ ಬುತ್ತಿ ಕಟ್ಟುತ್ತಿದ್ದಳು. ಗೊಲ್ಲಾಳಮ್ಮ ಬಂದಾಗ ಹಾಲಿನ ಪಾತ್ರೆ ಹಿಡಿದು ಅವನೇ ಹೊರಗೆ ಬಂದ.

“ಜೀವದಾಗ ಒಂದು ಪಾಲು ತಗೊಂಡು ಹೊಂಟೀನಿ. ನಾಕು ಪಾಲು ಇಲ್ಲೇ ಬಿಟ್ಟೀನಿ.”

ಅವಳು ಹಾಲು ಸುರಿಯುತ್ತಲೇ ಕೇಳಿದಳು. “ನೂರಕ್ಕ ಎಷ್ಟು ಹೊಂಟೈತ್ರಿ?”

“ಇಪ್ಪತ್ತು.” ತುಂಬಿದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಹೇಳಿದ, “ಪಾಸಾಗಾಕ ಮೂವತ್ಮೂರು ಬೇಕು, ಗೊಲ್ಲಾಳಮ್ಮ. ಬದುಕಿನಾಗ ನಾ ಬಿದ್ದೆ.”

ಈ ಸಲ ಇಡೀ ಕೊಡ ಎಣಿಸಿದ್ದ. ಅವಳು ಕಣ್ಣೆತ್ತಿ ಅವನ ಕಿವಿ ನೋಡಿದಳು.

ಕೆಂಪಾಗಿರಲಿಲ್ಲ.